ಕರ್ತವ್ಯವನ್ನು ಬಿಡುವದಕ್ಕೆ ನಮ್ಮಲ್ಲಿರುವ ಮಾತುಗಳು

ಒಬ್ಬನು ಮಾಡತಕ್ಕ ಕೆಲಸವನ್ನು ಮಾಡದೆ ಹೋದಾಗ ಅವನ ಮೇಲೆ ಹೊರಿಸುವದಕ್ಕೆ ಕನ್ನಡದಲ್ಲಿ ಅನೇಕ ಮಾತುಗಳುಂಟು. ಸಭೆಯ ಹಿರಿಯರ ಕೂಟದಲ್ಲಾಗಲಿ ಮನೆಯ ಜಗಲಿಯ ಮೇಲಾಗಲಿ ನಾವು ಒಂದರ ಬದಲಿಗೆ ಮತ್ತೊಂದನ್ನು ಆಡಿಬಿಡುತ್ತೇವೆ. ಆದರೆ ಅವು ಒಂದೇ ತೂಕದವುಗಳಲ್ಲ. ಕಳ್ಳ ತೂಕದ ಕಲ್ಲನ್ನಿಟ್ಟು ತೂಗುವವನಂತೆ, ಸಲ್ಲದ ಮಾತಿನಿಂದ ತೂಗುವವನೂ ನೆರೆಯವನಿಗೆ ಅನ್ಯಾಯ ಮಾಡುತ್ತಾನೆ. ಆದದರಿಂದ ಕೆಲವನ್ನು ವಿಚಾರಿಸೋಣ.

ಮೊದಲನೆಯದು ತಪ್ಪು. ಇದು ಅಚ್ಚಕನ್ನಡ ಮಾತು. ದಾರಿ ತಪ್ಪಿತು, ಗುರಿ ತಪ್ಪಿತು, ಮಾತಿಗೆ ತಪ್ಪಿದನು ಎನ್ನುತ್ತೇವಲ್ಲವೇ? ಮುಟ್ಟಬೇಕಾದದ್ದನ್ನು ಮುಟ್ಟದೆ ಹೋಗುವದೇ ಇದರ ಅರ್ಥ. ಸತ್ಯವೇದದಲ್ಲಿ ನಾವು ಪಾಪವೆಂದು ಓದುವ ಕಡೆಗಳಲ್ಲಿ ಇಬ್ರಿಯ ಮೂಲದಲ್ಲಿ ಹೆಚ್ಚಾಗಿರುವ ಮಾತು ಸಹ ಇಂಥದೇ. ನ್ಯಾಯಸ್ಥಾಪಕರ ಪುಸ್ತಕದ ೨೦ನೆಯ ಅಧ್ಯಾಯ ೧೬ನೆಯ ವಚನವನ್ನು ತೆರೆದು ನೋಡಿರಿ. ಅಲ್ಲಿ ಬೆನ್ಯಾಮೀನನ ಕುಲದ ಏಳುನೂರು ಮಂದಿ ಎಡಚರ ಕವಣೆಯ ಕೌಶಲವನ್ನು ಹೇಳುವಾಗ, ಗುರಿ ತಪ್ಪುವದಕ್ಕೆ ಅದೇ ಧಾತು ಬಂದಿದೆ. ಹೊಸ ಒಡಂಬಡಿಕೆಯ ಗ್ರೀಕ್ ಮಾತೂ ಹಾಗೆಯೇ. ಹಳೆಯ ಗ್ರೀಕರು ಎಸೆದ ಈಟಿ ಗುರಿಗೆ ತಾಗದೆ ಹೋದದ್ದನ್ನು ಅದರಿಂದ ಹೇಳುತ್ತಿದ್ದರು. ಹಳ್ಳಿಯ ಮುದುಕಿಯು ದಿನಾಲು ಆಡುವ ಒಂದು ಮಾತಿನಲ್ಲಿ ಇಷ್ಟು ಅಡಗಿರುವದು ಸಂತೋಷದ ಸಂಗತಿ.

ಲೋಪವೆಂದರೇನು? ಶಾಲೆಯ ಮಕ್ಕಳನ್ನು ಕೇಳಿರಿ. ಊರು ಎಂಬದಕ್ಕೆ ಅಲ್ಲಿ ಎಂಬದು ಸೇರಿ ಊರಲ್ಲಿ ಎಂದಾಗುವಾಗ ನಡುವಣ ಉಕಾರವು ಬಿದ್ದುಹೋಗುತ್ತದೆ, ಅದು ಲೋಪಸಂಧಿ. ಇರತಕ್ಕದ್ದು ಇಲ್ಲದೆ ಹೋಗುವದೇ ಲೋಪ. ಈ ಮಾತು ಬಿಟ್ಟುಹೋದ ಕೆಲಸವನ್ನು ತೋರಿಸುತ್ತದೆ, ಬಿಟ್ಟವನ ಮನಸ್ಸನ್ನು ತೋರಿಸುವದಿಲ್ಲ. ಕೆರೆಯ ನೀರುಗಂಟಿಯು ಒಂದು ದಿನ ತೂಬನ್ನು ಎತ್ತಲಿಲ್ಲವೆನ್ನೋಣ. ಗದ್ದೆಗೆ ನೀರು ಬರಲಿಲ್ಲ, ಇದು ಲೋಪ. ಅವನು ಮೈಮರೆತು ಹರಟೆಯಲ್ಲಿ ಕೂತಿದ್ದರೆ ಪ್ರಮಾದ. ಒಣಗುವ ಪೈರನ್ನು ಕಣ್ಣಾರೆ ಕಂಡೂ ಕಾಣದವನಂತೆ ಹೋಗಿದ್ದರೆ ಉಪೇಕ್ಷೆ. ಈ ಮಾತಿನೊಳಗೆ ನೋಡುವದೆಂಬ ಅರ್ಥದ ಧಾತು ಇದೆ. ಮೂರರಲ್ಲಿ ಇದೇ ಭಾರವಾದದ್ದು. ಯಾಕೋಬನ ಪತ್ರಿಕೆಯ ೪ನೆಯ ಅಧ್ಯಾಯದ ಕಡೇ ವಚನವು ಇಂಥವನನ್ನೇ ಕುರಿತದ್ದು.

ಉದಾಸೀನವೆಂಬ ಮಾತಿನ ಗತಿ ವಿಚಿತ್ರ. ಸಂಸ್ಕೃತದಲ್ಲಿ ಅದು ದೂರ ಸರಿದು ಕೂತವನ ಹೆಸರು. ಅರ್ಥಶಾಸ್ತ್ರದಲ್ಲಿ ಉದಾಸೀನನೆಂದರೆ ಎರಡು ಪಕ್ಷಕ್ಕೂ ಸೇರದ ಬಲವಾದ ಅರಸನು. ನಮ್ಮ ಮಂಗಳೂರಿನ ಸೀಮೆಯಲ್ಲಾದರೋ ಹಾಸಿಗೆ ಬಿಟ್ಟೇಳಲು ಬೇಸರಪಡುವದಕ್ಕೆ ಆ ಹೆಸರು!

ಇನ್ನು ಮೈಗಳ್ಳ. ಮೈ ಮತ್ತು ಕಳ್ಳ ಎಂಬ ಎರಡು ಮಾತುಗಳು ಕೂಡಿ ಇದಾಯಿತು. ತನ್ನ ಮೈಯ ಬಲವನ್ನು ಬಚ್ಚಿಟ್ಟು ಕೆಲಸಕ್ಕೆ ಕೊಡದವನು ಕಳ್ಳನೇ ಸರಿ. ಆದರೆ ಕಳ್ಳನೆಂದು ಕರೆಯುವದಕ್ಕೆ ಮುಂಚೆ ಬಚ್ಚಿಟ್ಟ ಸೊತ್ತು ಉಂಟೋ ಎಂದು ನೋಡಬೇಡವೇ? ಬಲವೇ ಇಲ್ಲದವನು ಏನನ್ನು ಬಚ್ಚಿಟ್ಟಾನು? ಅಮೇರಿಕದ ದಕ್ಷಿಣ ಸೀಮೆಯ ಬಡ ಒಕ್ಕಲಿಗರನ್ನು ಜನರು ಬಹುಕಾಲ ಸೋಮಾರಿಗಳೆಂದು ಹಾಸ್ಯಮಾಡಿದರು. ೧೯೦೯ರಲ್ಲಿ ರಾಕ್‌ಫೆಲ್ಲರ್ ಎಂಬ ಧನಿಕನ ದ್ರವ್ಯದಿಂದ ಅಲ್ಲಿ ಒಂದು ಆರೋಗ್ಯ ಮಂಡಳಿ ಏರ್ಪಟ್ಟಿತು. ಅದರ ವೈದ್ಯರು ಪರೀಕ್ಷಿಸಿ ನೋಡುವಲ್ಲಿ ಲಕ್ಷಾಂತರ ಜನರ ಕರುಳಿನಲ್ಲಿ ಕೊಕ್ಕೆಹುಳಗಳಿದ್ದವು. ಈ ಹುಳದ ಮರಿಯು ಮಲ ಬಿದ್ದ ಒದ್ದೆ ಮಣ್ಣಿನಲ್ಲಿ ಬೆಳೆದು, ಬರಿಗಾಲಿನ ಚರ್ಮವನ್ನು ಕೊರೆದು ಒಳಗೆ ಸೇರುತ್ತದೆ; ಕರುಳನ್ನು ಕಚ್ಚಿ ರಕ್ತ ಹೀರುತ್ತದೆ. ಮುಖ ಬಿಳುಚುತ್ತದೆ, ಮೆಟ್ಟಲು ಹತ್ತಿದರೆ ಏದುಸಿರು ಬರುತ್ತದೆ, ಗುದ್ದಲಿ ಎತ್ತಲಾಗುವದಿಲ್ಲ. ನಮ್ಮ ತೋಟಗಳಲ್ಲಿಯೂ ಗದ್ದೆಗಳಲ್ಲಿಯೂ ಬರಿಗಾಲಿನಲ್ಲಿ ದುಡಿಯುವವರಿಗೆ ಇದು ಹೊಸ ಸುದ್ದಿಯಲ್ಲ.

ಆದದರಿಂದ ಸಭೆಯ ಹಿರಿಯರು ಯಾರ ವಿಷಯದಲ್ಲಾದರೂ ಮೈಗಳ್ಳನೆಂದು ದೂರು ಕೇಳಿದರೆ ಅವನ ಕೆಳರೆಪ್ಪೆಯನ್ನು ಎಳೆದು ನೋಡಲಿ. ಕೆಂಪಿಲ್ಲದಿದ್ದರೆ ಆಸ್ಪತ್ರೆಗೆ ಕರಕೊಂಡು ಹೋಗಲಿ. ಹುಳಕ್ಕೆ ಆಲ್ಬೆಂಡಜೋಲ್ ಎಂಬ ಮಾತ್ರೆಯುಂಟು. ೨೦೧೫ರಿಂದ ಸರಕಾರದವರು ಅದನ್ನು ಶಾಲೆಗಳಲ್ಲಿಯೂ ಅಂಗನವಾಡಿಗಳಲ್ಲಿಯೂ ನಿಯಮಿಸಿದ ದಿನಗಳಲ್ಲಿ ಮಕ್ಕಳಿಗೆ ಕ್ರಯವಿಲ್ಲದೆ ಕೊಡಿಸುತ್ತಾರೆ. ದೊಡ್ಡವರು ವೈದ್ಯರನ್ನು ಕೇಳಿ ತೆಗೆದುಕೊಳ್ಳಬಹುದು. ರಕ್ತ ತುಂಬುವದಕ್ಕೆ ಕಬ್ಬಿಣಾಂಶದ ಮಾತ್ರೆ ಬೇರೆ ಬೇಕಾಗುತ್ತದೆ.