ಶಿಕ್ಷೆಯೂ ಶಿಕ್ಷಣವೂ: ಜಾನ್ ಗಲಾರ್ಡಿಯವರ ಕ್ರೀಡಾಸಾಧನೆ

'ಶಿಕ್ಷ್' ಎಂಬ ಸಂಸ್ಕೃತ ಧಾತುವಿಗೆ ವಿದ್ಯೆಯನ್ನು ಪಡೆಯುವುದೆಂದರ್ಥ. 'ಶಿಕ್ಷಣ' ಶಬ್ದವು ಕನ್ನಡದಲ್ಲಿ ಆ ಅರ್ಥವನ್ನೇ ಉಳಿಸಿಕೊಂಡಿತು. 'ಶಿಕ್ಷೆ'ಯಾದರೋ ದಂಡನೆಯೆಂಬ ಅರ್ಥದಲ್ಲಿ ರೂಢವಾಯಿತು. ಬೆತ್ತದ ಭಯದಲ್ಲಿ ಶಬ್ದರೂಪಗಳನ್ನು ಕಂಠಪಾಠ ಮಾಡಿದ ನನ್ನಂಥವನಿಗೆ ಇವೆರಡೂ ಬೇರೆಯೆಂದು ಬಹುಕಾಲ ತೋರಲಿಲ್ಲ. ಅವನ್ನು ಬೇರ್ಪಡಿಸಿ ನೋಡುವಂತೆ ಮಾಡಿದ್ದು ಅಮೆರಿಕೆಯ ಒಬ್ಬ ಕ್ರೀಡಾಗುರುವಿನ ವೃತ್ತಾಂತ.

ಮಿನೆಸೋಟ ರಾಜ್ಯದ ಕಾಲೇಜ್‌ವಿಲ್‌ನಲ್ಲಿರುವ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯವು ೧೮೫೭ರಲ್ಲಿ ಬೆನೆಡಿಕ್ಟ್ ಪಂಥದ ಕ್ರೈಸ್ತ ಸಂನ್ಯಾಸಿಗಳು ಸ್ಥಾಪಿಸಿದ ಸಂಸ್ಥೆ. ಮಠದ ನೆರಳಿನಲ್ಲಿ ಬೆಳೆದ ಶಾಲೆಯವರಾದ ನಮಗೆ ಅಂಥ ಪರಿಸರವು ತೀರ ಪರಕೀಯವಲ್ಲ. ಅಲ್ಲಿ ೧೯೫೩ರಿಂದ ೨೦೧೨ರವರೆಗೆ ಜಾನ್ ಗಲಾರ್ಡಿಯವರು ಫುಟ್‌ಬಾಲ್ ತಂಡದ ಪ್ರಧಾನ ತರಬೇತುದಾರರಾಗಿದ್ದರು. ಈ ಫುಟ್‌ಬಾಲ್ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಓಡುವುದು, ಎಸೆಯುವುದು, ಎದುರಾಳಿಯ ಮೈಮೇಲೆ ಬಿದ್ದು ಅವನನ್ನು ಕೆಡಹುವುದು ಇದರ ರೀತಿ. ಒರಟು ಆಟವೇ ಸರಿ.

ಗಲಾರ್ಡಿಯವರು ಹುಟ್ಟಿದ್ದು ೧೯೨೬ರಲ್ಲಿ, ಕೊಲರಾಡೊದ ಟ್ರಿನಿಡಾಡ್ ಪಟ್ಟಣದಲ್ಲಿ. ೧೯೪೩ರಲ್ಲಿ ಅವರ ಪ್ರೌಢಶಾಲೆಯ ತರಬೇತುದಾರರು ಯುದ್ಧಸೇವೆಗೆ ತೆರಳಬೇಕಾಯಿತು. ತಂಡವೇ ನಿಂತುಹೋಗುವ ಸ್ಥಿತಿ. ಆಗ ಹದಿನಾರರ ಈ ಬಾಲಕನೇ ಆ ಹೊಣೆಯನ್ನು ಹೊತ್ತನು. ಆಟಗಾರನಾಗಿ ತನಗೆ ನಿರರ್ಥಕವೆನಿಸಿದ್ದ ಕಠಿಣ ಕಸರತ್ತುಗಳನ್ನು ಕೈಬಿಟ್ಟನು. ಮುಂದಿನದೆಲ್ಲಕ್ಕೂ ಇದೇ ಬೀಜ.

ಮೊಂಟಾನಾದ ಕ್ಯಾರೊಲ್ ಕಾಲೇಜಿನಲ್ಲಿ ಕಳೆದ ನಾಲ್ಕು ವರ್ಷಗಳೂ ಸೇರಿ ಕಾಲೇಜು ಮಟ್ಟದಲ್ಲಿ ಅವರದು ೬೪ ಋತುಗಳ ಸೇವೆ. ೪೮೯ ಗೆಲವು, ೧೩೮ ಸೋಲು, ೧೧ ಸಮಪಂದ್ಯ. ಅಮೆರಿಕೆಯ ಕಾಲೇಜು ಫುಟ್‌ಬಾಲ್‌ನಲ್ಲಿ ಇಷ್ಟು ಗೆಲವುಗಳನ್ನು ಪಡೆದ ತರಬೇತುದಾರರು ಇನ್ನೊಬ್ಬರಿಲ್ಲ. ಲೂಸಿಯಾನಾದ ಗ್ರ್ಯಾಂಬ್ಲಿಂಗ್ ವಿಶ್ವವಿದ್ಯಾಲಯದ ಎಡಿ ರಾಬಿನ್ಸನ್ ಅವರ ೪೦೮ ಗೆಲವುಗಳ ದಾಖಲೆಯನ್ನು ಅವರು ದಾಟಿದ್ದು ೨೦೦೩ರ ನವೆಂಬರ್ ೮ರಂದು. ಅದೇ ಋತುವಿನ ಅಂತಿಮ ಪಂದ್ಯದಲ್ಲಿ, ಸತತ ೫೫ ಪಂದ್ಯಗಳನ್ನು ಗೆದ್ದಿದ್ದ ಮೌಂಟ್ ಯೂನಿಯನ್ ತಂಡವನ್ನು ಅವರ ಶಿಷ್ಯರು ೨೪-೬ರಿಂದ ಸೋಲಿಸಿದರು. ೧೯೬೩, ೧೯೬೫, ೧೯೭೬ರ ಬಳಿಕ ಅದು ನಾಲ್ಕನೆಯ ರಾಷ್ಟ್ರೀಯ ಪ್ರಶಸ್ತಿ. ಆ ಸಂಸ್ಥೆಯು ಆಡುವ ಮೂರನೆಯ ವಿಭಾಗದಲ್ಲಿ ಕ್ರೀಡಾ ವಿದ್ಯಾರ್ಥಿವೇತನವೇ ಇಲ್ಲವೆಂಬುದನ್ನು ಓದುಗರು, ವಿಶೇಷವಾಗಿ ದಾನಿಗಳು, ಗಮನಿಸಬೇಕು. ಉತ್ತಮ ಆಟಗಾರರನ್ನು ಹಣಕೊಟ್ಟು ಕರೆತರುವ ಮಾರ್ಗ ಅವರಿಗಿರಲಿಲ್ಲ.

ಅವರ ಕ್ರಮವಾದರೋ ನಿಷೇಧಗಳ ಮಾಲೆ. ಆದರೆ ಆ ನಿಷೇಧಗಳು ಶಿಷ್ಯರಿಗಲ್ಲ, ಗುರುವಿಗೆ! ಅಭ್ಯಾಸದಲ್ಲಿ ಒಬ್ಬರನ್ನೊಬ್ಬರು ಕೆಡಹುವಂತಿಲ್ಲ, ಸೀಟಿ ಊದುವಂತಿಲ್ಲ, ದೀರ್ಘಕಾಲ ದಣಿಸುವಂತಿಲ್ಲ, ಸೇರಬಯಸಿದವನನ್ನು ತಂಡದಿಂದ ಹೊರಗಿಡುವಂತಿಲ್ಲ. ಕೆಡಹುವ ಆಟವನ್ನು ಕೆಡಹದೆ ಕಲಿಸುವುದು ಹೇಗೆಂದು ನಾನೂ ಸಂಶಯಪಟ್ಟೆನು. ಪ್ರತಿಯೊಬ್ಬನೂ ತಾನು ನಿಲ್ಲಬೇಕಾದ ಸ್ಥಾನವನ್ನೂ ಎದುರಾಳಿಯ ನಡೆಯನ್ನೂ ಮನಗಾಣುವವರೆಗೆ ಪುನಃ ಪುನಃ ತಿದ್ದುವುದೇ ಅವರ ಉತ್ತರವಾಗಿತ್ತು. ಪೆಟ್ಟು ತಿನ್ನದ ಹುಡುಗರು ಪಂದ್ಯದ ದಿನಕ್ಕೆ ಗಾಯವಿಲ್ಲದೆ ಉಳಿಯುತ್ತಿದ್ದರು. ಸೂತ್ರವನ್ನು ತಿಳಿದು ಓದುವ ವಿದ್ಯಾರ್ಥಿಗೂ ಹೆದರಿ ಒಪ್ಪಿಸುವ ವಿದ್ಯಾರ್ಥಿಗೂ ಇರುವ ಅಂತರವನ್ನು ಅಧ್ಯಾಪಕ ಬಂಧುಗಳು ಬಲ್ಲರು.

ಒಂದು ವಿಷಯದಲ್ಲಿ ಮಾತ್ರ ನನ್ನ ಮನಸ್ಸು ಹಿಂಜರಿಯುತ್ತದೆ. ತಮ್ಮನ್ನು 'ಕೋಚ್' ಎನ್ನದೆ 'ಜಾನ್' ಎಂದೇ ಕರೆಯಬೇಕೆಂಬುದು ಅವರ ನಿಯಮ. ಗುರುವಿನ ಹೆಸರನ್ನು ಉಚ್ಚರಿಸಬಾರದೆಂಬ ಸಂಪ್ರದಾಯದಲ್ಲಿ ಬೆಳೆದ ನನಗೆ ಇದು ಒಪ್ಪಿಗೆಯಾಗದು. ಆದರೂ ೨೦೧೨ರಲ್ಲಿ, ೮೬ರ ವಯಸ್ಸಿನಲ್ಲಿ ಅವರು ನಿವೃತ್ತರಾಗುವವರೆಗೂ, ಮೊಮ್ಮಕ್ಕಳ ವಯಸ್ಸಿನ ಹುಡುಗರು ಅವರನ್ನು ಹಾಗೆಯೇ ಕರೆದರು. ಹೇಳಿದ್ದನ್ನು ಕೇಳಿಯೂ ಕೇಳಿದರು.