ಕೆಮ್ಮಣ್ಣು, ಇದ್ದಿಲು, ದೇವಣಿ ಹೋರಿ: ಮಕ್ಕಳೊಂದಿಗೆ ಶಿಲಾಚಿತ್ರ

ಇತಿಹಾಸಪೂರ್ವ ಕಾಲದ ಬಂಡೆಚಿತ್ರಗಳಲ್ಲಿ ಎದ್ದು ಕಾಣುವುದು ಪ್ರಾಣಿಗಳು. ಮಧ್ಯಪ್ರದೇಶದ ಭೀಮಬೇಟ್ಕಾದ ಕಲ್ಲಾಸರೆಗಳಲ್ಲಿ ಜಿಂಕೆ, ಕಾಡುಕೋಣ, ಆನೆಗಳಿವೆ. ಬಳ್ಳಾರಿ ಬಳಿಯ ಕಪ್ಪಗಲ್ಲು ಗುಡ್ಡದಲ್ಲಿ ನವಶಿಲಾಯುಗದ ದನಗಾಹಿಗಳು ಕರಿಬಂಡೆಯನ್ನು ಕಲ್ಲಿನಿಂದ ಕುಟ್ಟಿ ಮೂಡಿಸಿದ ಹೋರಿಗಳಿವೆ. ಉದ್ದ ಕೊಂಬು, ಎತ್ತರದ ಡುಬ್ಬ ಅವುಗಳ ಗುರುತು. ಪ್ರಾಣಿಯನ್ನು ದಿನವೂ ಕಂಡವರು ಮಾತ್ರ ಇಷ್ಟು ಕಡಿಮೆ ಗೆರೆಗಳಲ್ಲಿ ಅದನ್ನು ಹಿಡಿದಾರು. ಮಕ್ಕಳ ಅಭ್ಯಾಸವೂ ನೋಡುವುದರಿಂದಲೇ ಶುರುವಾಗಬೇಕು.

ಬೀದರಿನ ಮೈಲೂರ, ಭಾಲ್ಕಿ, ಔರಾದ್ ಕಡೆಯ ಮಕ್ಕಳಿಗೆ ಇದಕ್ಕೆ ದೇವಣಿ ತಳಿಯ ದನಕ್ಕಿಂತ ಒಳ್ಳೆಯ ಮಾದರಿ ಬೇಡ. ಹಟ್ಟಿಯ ಮುಂದೆ ಕಾಲು ಗಂಟೆ ಕೂರಿಸಿ, ಕೈಗೆ ಪೆನ್ಸಿಲ್ ಕೊಡದೆ, ಬರೀ ಪ್ರಶ್ನೆ ಕೇಳಬೇಕು. ಕಿವಿ ಜೋಲುಬಿದ್ದಿದೆಯೇ? ಹಣೆ ಉಬ್ಬಿದೆಯೇ? ಕಪ್ಪು ಎಲ್ಲೆಲ್ಲಿದೆ? ಕಪ್ಪಿನ ಜಾಗದಿಂದ ಈ ತಳಿಯ ಬಗೆ ತಿಳಿಯುತ್ತದೆ: ಮುಖದ ಪಕ್ಕ ಮಾತ್ರ ಕಪ್ಪಿದ್ದರೆ ವನ್ನೇರ, ಹೊಟ್ಟೆಯ ಕೆಳಭಾಗದಲ್ಲಿ ಮಚ್ಚೆಯಿದ್ದರೆ ಬಾಲಂಕ್ಯಾ, ಮೈತುಂಬ ಅಡ್ಡಾದಿಡ್ಡಿ ಮಚ್ಚೆಯಿದ್ದರೆ ಶೇವರಾ. ಜಿಲ್ಲೆಯ ಹೊಲಗಳಲ್ಲಿ ಕೃಷ್ಣಮೃಗ ಕಂಡರೆ ದೂರದಿಂದಲೇ ನೋಡಬೇಕು. ತಿರುಚಿದ ಕೊಂಬು ಗಂಡಿನದು.

ಮುಂದಿನದು ಕಥೆ. ಸ್ಪೇನಿನ ಅಲ್ತಮಿರಾ ಗುಹೆಯ ಘಟನೆ ಮಕ್ಕಳಿಗೆ ಬಹಳ ಹಿಡಿಸುತ್ತದೆ. 1879ರಲ್ಲಿ ತಂದೆ ನೆಲ ಅಗೆಯುತ್ತ ಕಲ್ಲಿನ ಉಪಕರಣ ಹುಡುಕುತ್ತಿದ್ದಾಗ ಎಂಟು ವರ್ಷದ ಮರಿಯಾ ತಲೆಯೆತ್ತಿ ಛಾವಣಿಯ ಮೇಲಿನ ಕಾಡೆತ್ತುಗಳನ್ನು ಕಂಡಳು. ಇದನ್ನು ಹೇಳಿದ ಮೇಲೆ ಹಟ್ಟಿಯಲ್ಲಿ ಕಂಡ ಹೋರಿಯ ಕಥೆಯನ್ನು ಮಕ್ಕಳೇ ಕಟ್ಟಬೇಕು: ಎಲ್ಲಿಂದ ಬಂತು, ಯಾಕೆ ಬೆದರಿತು, ಎಲ್ಲಿ ನೀರು ಕುಡಿಯಿತು. ಒಂದು ಮಗು ಬಿಟ್ಟಲ್ಲಿಂದ ಇನ್ನೊಂದು ಮುಂದುವರಿಸಲಿ. ಕಾರಹುಣ್ಣಿಮೆಯ ಎತ್ತಿನ ಓಟ ಕಂಡ ಮಕ್ಕಳಿಗೆ ಹೇಳಲು ಬೇಕಾದಷ್ಟಿರುತ್ತದೆ.

ಬಣ್ಣ ಕಾಲಡಿಯಲ್ಲೇ ಇದೆ. ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಎತ್ತರದ ನೆಲದ ಮೇಲೆ. ಆ ಕಲ್ಲಿಗೂ ಬಂಡೆಚಿತ್ರಗಳ ಕೆಂಪಿಗೂ ಕಬ್ಬಿಣದ ಆಕ್ಸೈಡೇ ಮೂಲ. ಹೊಲದ ಬದುವಿನ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಮರಳು ತಳಕ್ಕೆ ಕೂತೊಡನೆ ಮೇಲಿನ ಕೆಂಪು ನೀರನ್ನು ಬೇರೆ ಪಾತ್ರೆಗೆ ಬಸಿಯಬೇಕು. ರಾತ್ರಿ ಬಿಟ್ಟರೆ ನುಣ್ಣನೆಯ ಮಣ್ಣು ಕೆಳಗೆ ಉಳಿಯುತ್ತದೆ. ಹಿಂದಿನ ರಾತ್ರಿ ನೆನೆಸಿದ ಜಾಲಿ ಅಂಟನ್ನು ಬೆರೆಸಿ ಮಜ್ಜಿಗೆಯಷ್ಟು ಗಟ್ಟಿ ಮಾಡಬೇಕು. ಅಂಟಿಲ್ಲದಿದ್ದರೆ ಒಣಗಿದ ಬಣ್ಣ ಕೈಗೆ ಬರುತ್ತದೆ. ಕಪ್ಪಿಗೆ ಇದ್ದಿಲ ಪುಡಿ. ಬಿಳಿಗೆ ಸೀಮೆಸುಣ್ಣದ ಪುಡಿಯೇ ಸರಿ. ಗೋಡೆಗೆ ಬಳಿಯುವ ಸುಣ್ಣ ಕಣ್ಣು, ಚರ್ಮವನ್ನು ಸುಡುವುದರಿಂದ ಮಕ್ಕಳ ಕೈಗೆ ಕೊಡಬಾರದು. ಕುಂಚಕ್ಕೆ ತುದಿ ಜಜ್ಜಿದ ಬೇವಿನ ಕಡ್ಡಿ ಸಾಕು.

ದಪ್ಪ ಖಾಕಿ ಕಾಗದವನ್ನು ಉಂಡೆಗಟ್ಟಿ ಬಿಡಿಸಿದರೆ ಬಂಡೆಯಂತೆ ಉಬ್ಬುತಗ್ಗು ಬರುತ್ತದೆ. ಅಲ್ತಮಿರಾದ ಚಿತ್ರಕಾರರು ಕಲ್ಲಿನ ಉಬ್ಬನ್ನೇ ಪ್ರಾಣಿಯ ಮೈಯಾಗಿಸಿದ್ದರು. ಮಕ್ಕಳೂ ಮೊದಲು ಕಾಗದದಲ್ಲಿ ಹೊಟ್ಟೆಯನ್ನೋ ಡುಬ್ಬವನ್ನೋ ಹುಡುಕಿ, ಅಲ್ಲಿಂದ ಗೆರೆ ಎಳೆಯಬೇಕು. ಪಕ್ಕದಿಂದ ಕಂಡ ಆಕಾರ, ನೆನಪಿನಿಂದ ಮಾತ್ರ. ಫೋಟೊ ನೋಡಿ ನಕಲು ಮಾಡಿದರೆ ಈ ಅಭ್ಯಾಸದ ಫಲವೇ ಹೋಗುತ್ತದೆ. ಕೊಂಬು, ಡುಬ್ಬ, ಕಿವಿ ತಪ್ಪದಿದ್ದರೆ ಕಾಲು ವಕ್ರವಾದರೂ ತಿದ್ದುವ ಅಗತ್ಯವಿಲ್ಲ. ಕಪ್ಪಗಲ್ಲಿನ ರೀತಿ ಬೇಕೆಂದರೆ ಪಾಟಿಯ ಮೇಲೆ ಚೂಪು ಕಲ್ಲಿನಿಂದ ಕೆರೆಯಬಹುದು.

ಒಣಗಿದ ಚಿತ್ರಗಳನ್ನು ಕತ್ತಲೆ ಕೋಣೆಯ ಗೋಡೆಗೆ ಸಾಲಾಗಿ ಅಂಟಿಸಿ, ಟಾರ್ಚನ್ನು ಪಕ್ಕದಿಂದ ಹಿಡಿದು ಮೆಲ್ಲಗೆ ಸರಿಸಿದರೆ ಉಬ್ಬುತಗ್ಗಿನ ನೆರಳಲ್ಲಿ ಹೋರಿಗಳು ಅಲುಗಿದಂತೆ ಕಾಣುತ್ತವೆ. ಕಟ್ಟಿದ ಕಥೆಯನ್ನು ಪೂರ್ತಿ ಹೇಳಬೇಕಾದದ್ದು ಆಗ.

ಮರುದಿನ ಬೀದರ್ ಕೋಟೆಯ ಶರ್ಜಾ ದರ್ವಾಜಾದಲ್ಲಿ ಕೆತ್ತಿರುವ ಹುಲಿಗಳನ್ನು ತೋರಿಸಿದರೆ, ಕಲ್ಲಿನಲ್ಲಿ ಪ್ರಾಣಿ ಮೂಡಿಸುವ ಇನ್ನೊಂದು ಬಗೆ ತಿಳಿಯುತ್ತದೆ. ಅಲ್ಲಿಗೆ ಬಣ್ಣವನ್ನಾಗಲಿ ಇದ್ದಿಲನ್ನಾಗಲಿ ಒಯ್ಯಕೂಡದು. ಸಂರಕ್ಷಿತ ಸ್ಮಾರಕದ ಮೇಲೆ ಗೀಚುವುದು ಕಾನೂನಿನಂತೆ ಅಪರಾಧ. ನಿಜವಾದ ಶಿಲಾಚಿತ್ರದ ಬಳಿ ಹೋದಾಗ ಅದನ್ನು ಮುಟ್ಟಲೂ ಬಾರದು, ಚೆನ್ನಾಗಿ ಕಾಣಲೆಂದು ನೀರು ಚಿಮುಕಿಸಲೂ ಬಾರದು.