ಮ್ಯಾನ್ಲಿಗೆ ದೊಡ್ಡ ಹಡಗಿನಲ್ಲೇ ಹೋಗಿ

ಮಗಳ ಬಾಣಂತನಕ್ಕೆ ಸಿಡ್ನಿಗೆ ಹೊರಟಿರುವ ಗೆಳತಿಯೊಬ್ಬರು, ಒಂದು ದಿನ ಬಿಡುವಾದರೆ ಎಲ್ಲಿಗೆ ಹೋಗಲಿ ಎಂದು ಕೇಳಿದ್ದಾರೆ. ಒಪೆರಾ ಹೌಸನ್ನೂ ಸೇತುವೆಯನ್ನೂ ಅಳಿಯ ಹೇಗೂ ತೋರಿಸುತ್ತಾನೆ. ನೀವಾಗಿಯೇ ಹೊರಡುವುದಾದರೆ ಕಡಲತೀರದ ಮ್ಯಾನ್ಲಿಗೆ ಹೋಗಿ, ಅದೂ ಹಡಗಿನಲ್ಲಿ.

ಸರ್ಕ್ಯುಲರ್ ಕೀ ಕಟ್ಟೆಯಿಂದ ಖಾಸಗಿಯವರ ವೇಗದ ದೋಣಿ ಸುಮಾರು 20 ನಿಮಿಷಕ್ಕೆ ಮುಟ್ಟಿಸುತ್ತದೆ, ಸಾರ್ವಜನಿಕ ಸಾರಿಗೆಯ ಹಡಗಿಗೆ ಅರ್ಧ ಗಂಟೆ ಬೇಕು. ಆ 10 ನಿಮಿಷ ಉಳಿಸುವ ಆಸೆ ಬೇಡ. 1980ರ ದಶಕದಲ್ಲಿ ಕಟ್ಟಿದ, ಹಸಿರು–ಕೆನೆಬಣ್ಣದ, ಎರಡೂ ತುದಿ ಒಂದೇ ಥರ ಇರುವ ದೊಡ್ಡ ಹಡಗುಗಳಿವೆ. ಸಾವಿರ ಜನ ಹಿಡಿಸುತ್ತಾರೆ. ಈಚೆಗೆ ಚಿಕ್ಕ ಹೊಸ ಹಡಗುಗಳೂ ಓಡುತ್ತವೆ. ಕಟ್ಟೆಯಲ್ಲಿ ನಿಂತದ್ದು ಚಿಕ್ಕದಾದರೆ ಅದನ್ನು ಹೋಗಲು ಬಿಟ್ಟು ದೊಡ್ಡದಕ್ಕೆ ಕಾಯಿರಿ.

ಹೋಗುವಾಗ ಬಲಗಡೆ, ಹೊರಗಿನ ಬೆಂಚಿನಲ್ಲೇ ಕೂರಬೇಕು. ಹೊರಟ ಕೂಡಲೇ ಒಪೆರಾ ಹೌಸ್ ಅದೇ ಮಗ್ಗುಲಿಗೆ ಬರುತ್ತದೆ, ಆಮೇಲೆ ನೀರಿನ ನಡುವೆ ಪುಟ್ಟ ಡೆನಿಸನ್ ಕೋಟೆ. ಮುಕ್ಕಾಲು ದಾರಿಯಲ್ಲಿ ಬಂದರಿನ ಬಾಯಿ ತೆರೆದುಕೊಳ್ಳುತ್ತದೆ. ಎರಡು ಬಂಡೆಗೋಡೆಗಳ ನಡುವೆ ಪೆಸಿಫಿಕ್ ಸಾಗರ ನೇರವಾಗಿ ಒಳಗೆ ನುಗ್ಗುವ ಜಾಗ ಅದು. ಅಷ್ಟು ದೊಡ್ಡ ಹಡಗೂ ಅಲ್ಲಿ ತೂಗುತ್ತದೆ. ನನಗೆ ಇಡೀ ದಿನದಲ್ಲಿ ಅತಿ ಇಷ್ಟವಾದದ್ದು ಆ ಕೆಲವೇ ನಿಮಿಷ. ಹೊಟ್ಟೆ ತೊಳಸುವವರು ಮಾತ್ರ ಕೆಳಗಿನ ಅಂತಸ್ತಿನ ನಡುಭಾಗದಲ್ಲಿ ಕೂರುವುದು ಒಳ್ಳೆಯದು. ಅಲೆ ಜೋರಿದ್ದ ದಿನ ಹಡಗು ರದ್ದು ಮಾಡಿ ಬಸ್ಸು ಬಿಡುತ್ತಾರೆ. ಆ ಬಸ್ಸು ಹತ್ತಬೇಡಿ, ಇನ್ನೊಂದು ದಿನ ಹೋಗಿ.

ಮ್ಯಾನ್ಲಿ ಒಂದು ಸಣ್ಣ ಭೂಕುತ್ತಿಗೆ. ಇತ್ತ ಬಂದರು, ಅತ್ತ ಸಾಗರ, ನಡುವೆ ಕಾರ್ಸೋ ಎಂಬ ಅಂಗಡಿಬೀದಿ. ಅಲ್ಲಿ ನಿಲ್ಲುವಂಥದ್ದೇನೂ ಇಲ್ಲ. ದಾಟಿದರೆ ಎತ್ತರದ ನಾರ್‌ಫೋಕ್ ಪೈನ್ ಮರಗಳ ಸಾಲು, ಅದರಾಚೆ ದೊಡ್ಡ ಕಡಲತೀರ. ಒಂದು ಕಾಲದಲ್ಲಿ ಇಲ್ಲಿ ಹಗಲು ಹೊತ್ತು ಸಮುದ್ರಸ್ನಾನಕ್ಕೆ ನಿಷೇಧವಿತ್ತು. 1902ರಲ್ಲಿ ಸ್ಥಳೀಯ ಪತ್ರಿಕೆಯ ಸಂಪಾದಕ ವಿಲಿಯಂ ಗೋಚರ್ ಎಲ್ಲರೆದುರೇ ನೀರಿಗಿಳಿದು ಅದನ್ನು ಧಿಕ್ಕರಿಸಿದ. ಈಗ ನೆನಪಿಡಬೇಕಾದ ನಿಯಮ ಬೇರೆ: ಕೆಂಪು–ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಮೊಣಕಾಲುದ್ದದ ನೀರು ತಾನೇ ಎಂದು ನಮ್ಮವರು ಎಲ್ಲೆಂದರಲ್ಲಿ ನಿಲ್ಲುತ್ತಾರೆ. ಒಳಸೆಳೆತ ಕಣ್ಣಿಗೆ ಕಾಣುವುದಿಲ್ಲ. ಈ ವಿಷಯದಲ್ಲಿ ದಯವಿಟ್ಟು ಹಟ ಮಾಡಬೇಡಿ.

ದೊಡ್ಡ ತೀರದಲ್ಲೇ ದಿನ ಕಳೆಯದೆ ಬಲಕ್ಕೆ ತಿರುಗಿ ನೀರಿನಂಚಿನ ಕಾಲುದಾರಿ ಹಿಡಿಯಿರಿ. ಇಳಿಜಾರಿಲ್ಲದ ದಾರಿ, ಮಂಡಿನೋವಿದ್ದವರೂ ನಡೆಯಬಹುದು. ನಡುವೆ ಫೇರಿ ಬೋವರ್‌ನಲ್ಲಿ 1929ರಲ್ಲಿ ಕಟ್ಟಿದ ಮುಕ್ಕೋನದ ಕಡಲಕೊಳ ಸಿಗುತ್ತದೆ. ನಮ್ಮ ಓತಿಕ್ಯಾತಕ್ಕಿಂತ ಎಷ್ಟೋ ದೊಡ್ಡವು, ವಾಟರ್ ಡ್ರ್ಯಾಗನ್‌ಗಳು, ಬಂಡೆಯ ಮೇಲೆ ಬಿಸಿಲು ಕಾಯುತ್ತಿರುತ್ತವೆ. ಕೊನೆಗೆ ಶೆಲ್ಲಿ ಬೀಚ್. ಪೂರ್ವ ಕರಾವಳಿಯಲ್ಲಿದ್ದೂ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಅಲೆಯ ಹೊಡೆತ ತೀರಾ ಕಡಿಮೆ. ಇಲ್ಲಿನ ಕ್ಯಾಬೇಜ್ ಟ್ರೀ ಕೊಲ್ಲಿಯಲ್ಲಿ 2002ರಿಂದ ಮೀನು ಹಿಡಿಯುವಂತಿಲ್ಲ. ಕಾವಲಿಟ್ಟರೆ ಸಮುದ್ರ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ನೋಡಿಲ್ಲ. ಈಜುವ ಕನ್ನಡಕ ತೊಟ್ಟು ತಲೆ ಮುಳುಗಿಸಿದರೆ ನೀಲಿ ಗ್ರೋಪರ್‌ನಂಥ ದೊಡ್ಡ ಮೀನುಗಳು ಪಕ್ಕದಲ್ಲೇ ಹಾಯುತ್ತವೆ. ಅರ್ಧ ದಿನ ಇಲ್ಲಿಗೇ ಕೊಡಿ.

ಊಟದ ವಿಷಯ. ಸಸ್ಯಾಹಾರಿಗಳು ಚಿಪ್ಸನ್ನು ಮೀನು ಕರಿದ ಎಣ್ಣೆಯಲ್ಲೇ ಕರಿದಿದ್ದಾರೋ ಎಂದು ಕೇಳಿಯೇ ಕೊಳ್ಳಬೇಕು. ಮನೆಯಿಂದ ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗಿ ಶೆಲ್ಲಿಯ ಹುಲ್ಲಿನ ಮೇಲೆ ಕೂರುವುದೇ ಮೇಲು. ಕಡಲಹಕ್ಕಿಗಳು ಕೈಯಿಂದಲೇ ಕಿತ್ತುಕೊಳ್ಳುತ್ತವೆ, ಡಬ್ಬಿ ಮುಚ್ಚಿಡಿ.

ಇಡೀ ದಿನದ ಪ್ಯಾಕೇಜ್ ಮಾರುವವರಿಗೆ ಮಾತ್ರ ಸಿಗಬೇಡಿ. ನಮ್ಮ ಪರಿಚಯದವರೊಬ್ಬರನ್ನು ಅಂಥ ಗೈಡ್ ಒಬ್ಬ ಮ್ಯಾನ್ಲಿಯಲ್ಲಿ ಮುಕ್ಕಾಲು ಗಂಟೆ ಬಿಟ್ಟು, ಅದರಲ್ಲೂ ಅರ್ಧ ಹೊತ್ತು ಉಡುಗೊರೆ ಅಂಗಡಿಯಲ್ಲೇ ಕೂರಿಸಿದ. ಇಲ್ಲಿಗೆ ಗೈಡ್ ಬೇಕಾಗಿಯೇ ಇಲ್ಲ. ಬಂದರಿನ ಬಾಯಿಯ ಬಳಿಯ ನಾರ್ತ್ ಹೆಡ್‌ನ ಹಳೆಯ ಕ್ವಾರಂಟೈನ್ ಕೇಂದ್ರಕ್ಕೆ ಬಸ್ಸಿದೆ, ಆದರೆ ಅದನ್ನು ಇದೇ ದಿನಕ್ಕೆ ತುರುಕಬೇಡಿ.

ಬೇಸಿಗೆಯ, ಅಂದರೆ ಡಿಸೆಂಬರ್‌ನಿಂದ ಫೆಬ್ರವರಿಯ, ಭಾನುವಾರ ಸಂಜೆ ವಾಪಸಾಗುವ ಸಾಲು ಬಹಳ ಉದ್ದ. ನಾಲ್ಕಕ್ಕೆ ಮುಂಚೆ ಹೊರಡಿ, ಇಲ್ಲವೇ ಕತ್ತಲಾಗುವವರೆಗೆ ಕಾಯಿರಿ. ಬರುವಾಗ ಎಡಗಡೆ ಕೂರಿ. ಸಾರ್ವಜನಿಕ ಸಾರಿಗೆಯ ದಿನದ ದರ ವಾರಾಂತ್ಯದಲ್ಲಿ ಒಂದು ಮಿತಿ ದಾಟುವುದಿಲ್ಲ. ಟಿಕೆಟಿನ ಬದಲು ಬಳಸುವ ಓಪಲ್ ಕಾರ್ಡ್ ಒಬ್ಬೊಬ್ಬರಿಗೂ ಬೇರೆ ಬೇರೆ ಬೇಕು. ಇಳಿಯುವಾಗಲೂ ಅದನ್ನು ಯಂತ್ರಕ್ಕೆ ತಾಗಿಸಿ, ಮರೆತರೆ ಹೆಚ್ಚು ಹಣ ಹಿಡಿಯುತ್ತಾರೆ.